ಯೋಗಕ್ಷೇಮ: ಅಳೆದದ್ದಾಯಿತು, ಆಳಿದ್ದೆಷ್ಟು?

ಭೂತಾನ್ 2022ರಲ್ಲಿ ತನ್ನ ಪ್ರಜೆಗಳ ಸಂತೋಷವನ್ನು ಮತ್ತೊಮ್ಮೆ ಅಳೆಯಿತು. 11,052 ಮಂದಿಯನ್ನು ಮುಖಾಮುಖಿ ಸಂದರ್ಶಿಸಿ ಸಿದ್ಧಪಡಿಸಿದ ಲೆಕ್ಕದ ಪ್ರಕಾರ ಆ ದೇಶದ 'ಒಟ್ಟು ರಾಷ್ಟ್ರೀಯ ಸಂತೋಷ' ಸೂಚ್ಯಂಕ 0.781. ಇದೇ ಸೂಚ್ಯಂಕ 2010ರಲ್ಲಿ 0.743 ಹಾಗೂ 2015ರಲ್ಲಿ 0.756 ಇತ್ತು. ಕೋವಿಡ್ ಹೊಡೆತಕ್ಕೆ ಪ್ರವಾಸೋದ್ಯಮ ನೆಲಕಚ್ಚಿದ್ದ ಕಾಲದಲ್ಲೂ ಸಂತೋಷದ ಅಂಕಿ ಮೇಲೇರಿದ್ದನ್ನು ಸಾಧನೆ ಎಂದೇ ಬಣ್ಣಿಸಲಾಯಿತು.

ಅದೇ 2022ರಲ್ಲಿ ಅಲ್ಲಿ ಇನ್ನೆರಡು ಸಂಗತಿಗಳು ನಡೆದವು. ಯುವಜನರ ನಿರುದ್ಯೋಗ ಪ್ರಮಾಣ ಶೇ 28.6ಕ್ಕೆ ಮುಟ್ಟಿತು, ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ರಾಜೀನಾಮೆ ಕೊಟ್ಟು ಆಸ್ಟ್ರೇಲಿಯಾದ ವಿಮಾನ ಹತ್ತಲಾರಂಭಿಸಿದರು. ಎಂಟು ಲಕ್ಷವೂ ದಾಟದ ಜನಸಂಖ್ಯೆಯ ದೇಶಕ್ಕೆ ಇದು ಸಣ್ಣ ಪೆಟ್ಟಲ್ಲ. ಎರಡನೆಯದು, ಸಂತೋಷದ ಮಾನದಂಡವನ್ನು ಯೋಜನೆಗಳಿಗೆ ಅನ್ವಯಿಸಲೆಂದೇ ಇದ್ದ ಒಟ್ಟು ರಾಷ್ಟ್ರೀಯ ಸಂತೋಷ ಆಯೋಗವನ್ನು ಆಡಳಿತ ಸುಧಾರಣೆಯ ಹೆಸರಿನಲ್ಲಿ ವಿಸರ್ಜಿಸಲಾಯಿತು. ಅದರ ಹೊಣೆಗಳು ಸಂಪುಟ ಕಚೇರಿ ಹಾಗೂ ಹಣಕಾಸು ಸಚಿವಾಲಯದ ನಡುವೆ ಹಂಚಿಹೋದವು.

ಸೂಚ್ಯಂಕ ಏರುತ್ತಿರುವಾಗಲೇ ಜನ ಊರು ಬಿಡುವುದೇಕೆ? ಅಳೆಯುವ ಕೆಲಸ ಮುಂದುವರಿದಿರುವಾಗ ಅಳತೆಯನ್ನು ಬಳಸಬೇಕಾದ ಸಂಸ್ಥೆ ಮುಚ್ಚಿದ್ದೇಕೆ? ಜಿಡಿಪಿಯ ಬದಲು ಯೋಗಕ್ಷೇಮವನ್ನು ಆಧರಿಸಿ ಸರ್ಕಾರ ನಡೆಸಬೇಕೆಂಬ ಚಿಂತನೆ ಜಗತ್ತಿನಾದ್ಯಂತ ಪ್ರಚಾರ ಪಡೆದಿರುವ ಈ ಹೊತ್ತಿನಲ್ಲಿ ಈ ಎರಡು ಪ್ರಶ್ನೆಗಳನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ.

ಮೊದಲು ಒಂದು ತಪ್ಪುಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಭೂತಾನ್ ತನ್ನ ಪ್ರಜೆಗಳನ್ನು 'ನೀವು ಸಂತೋಷವಾಗಿದ್ದೀರಾ' ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಮಾನಸಿಕ ನೆಮ್ಮದಿ, ಆರೋಗ್ಯ, ಶಿಕ್ಷಣ, ಸಮಯದ ಬಳಕೆ, ಸಂಸ್ಕೃತಿ, ಸದಾಡಳಿತ, ನೆರೆಹೊರೆಯ ಬಾಂಧವ್ಯ, ಪರಿಸರ ಮತ್ತು ಜೀವನಮಟ್ಟ ಎಂಬ 9 ವಲಯಗಳಲ್ಲಿ 33 ಸೂಚಕಗಳಿವೆ. ಪ್ರತಿ ಸೂಚಕಕ್ಕೂ 'ಇಷ್ಟಿದ್ದರೆ ಸಾಕು' ಎಂಬ ಒಂದು ಗೆರೆ ಇದೆ. ನಿದ್ರೆಗೆ ಇಷ್ಟು ಗಂಟೆ, ಶಾಲೆಯಲ್ಲಿ ಇಷ್ಟು ವರ್ಷ, ಕಷ್ಟಕ್ಕಾಗುವವರು ಇಷ್ಟು ಮಂದಿ ಎಂಬಂತೆ. ಈ ಸೂಚಕಗಳ ಒಟ್ಟು ತೂಕದಲ್ಲಿ ಶೇ 66ರಷ್ಟರಲ್ಲಾದರೂ ಗೆರೆ ದಾಟಿದವರನ್ನು ಮಾತ್ರ ಸಂತೋಷವಂತರೆಂದು ಪರಿಗಣಿಸಲಾಗುತ್ತದೆ. 2022ರಲ್ಲಿ ಹೀಗೆ ಉತ್ತೀರ್ಣರಾದವರು ಶೇ 48.1. ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತೀರ್ಣರಾಗಿಲ್ಲ ಎಂಬುದನ್ನು 'ಸಂತೋಷದ ಸಾಮ್ರಾಜ್ಯ' ಎಂದು ಹೊಗಳುವ ಪ್ರವಾಸಿ ಬರಹಗಳು ಹೇಳುವುದಿಲ್ಲ. ಆದರೆ ಭೂತಾನದ ಸರ್ಕಾರಿ ವರದಿ ಅದನ್ನು ಮುಚ್ಚಿಟ್ಟಿಲ್ಲ. ಪುರುಷರಿಗಿಂತ ಮಹಿಳೆಯರ, ಪಟ್ಟಣಿಗರಿಗಿಂತ ಹಳ್ಳಿಗರ ಸ್ಥಿತಿ ಕೆಳಗಿದೆ ಎಂಬುದನ್ನೂ ಅದು ದಾಖಲಿಸಿದೆ.

ಇದಕ್ಕೂ ಪ್ರತಿವರ್ಷ ಮಾರ್ಚ್ 20ರ ಆಸುಪಾಸಿನಲ್ಲಿ ಪ್ರಕಟವಾಗುವ ವಿಶ್ವ ಸಂತೋಷ ವರದಿಗೂ ಸಂಬಂಧವಿಲ್ಲ. ಅಲ್ಲಿ ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆ: ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ? ಪ್ರತಿ ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಮಂದಿಯ ಉತ್ತರ, ಮೂರು ವರ್ಷಗಳ ಸರಾಸರಿ. 2025ರ ಪಟ್ಟಿಯಲ್ಲಿ 147 ದೇಶಗಳ ಪೈಕಿ ಭಾರತ 118ನೇ ಸ್ಥಾನದಲ್ಲಿತ್ತು. ಸುದ್ದಿಮನೆಗಳಲ್ಲಿ ಆ ದಿನ ನಡೆಯುವುದನ್ನು ಬಲ್ಲವರಿಗೆ ಗೊತ್ತು: ಪಾಕಿಸ್ತಾನ ನಮಗಿಂತ ಮೇಲಿದೆಯೇ ಎಂದು ನೋಡಿ, ಚೌಕಟ್ಟಿನಲ್ಲಿ ಒಂದು ಸುದ್ದಿ ಹಾಕಿ, ಮರುದಿನ ಮರೆತುಬಿಡುತ್ತೇವೆ. ಅಂದಹಾಗೆ, ಇದೇ ಪಟ್ಟಿಯಲ್ಲಿ 2019ರಲ್ಲಿ ಭೂತಾನ್ ಪಡೆದದ್ದು 95ನೇ ಸ್ಥಾನ. ಸ್ಥಾನಪಟ್ಟಿಯಿಂದ ಯಾವ ಇಲಾಖೆಯೂ ಏನನ್ನೂ ಕಲಿಯಲಾರದು. ಸಾಕೆಂಬ ಗೆರೆಯನ್ನು ಯಾರು, ಎಲ್ಲಿ, ಯಾವ ವಿಷಯದಲ್ಲಿ ದಾಟಿಲ್ಲ ಎಂದು ತಿಳಿಸುವ ಲೆಕ್ಕದಿಂದ ಮಾತ್ರ ಕಲಿಯಬಹುದು.

ಕಡತವನ್ನು ತಡೆದ ಪಟ್ಟಿ

ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು 1970ರ ದಶಕದಲ್ಲಿ ಹುಟ್ಟುಹಾಕಿದ ಈ ಕಲ್ಪನೆ 2008ರಲ್ಲಿ ಭೂತಾನದ ಸಂವಿಧಾನವನ್ನೇ ಸೇರಿತು. ಯೋಜನಾ ಆಯೋಗವೇ ಸಂತೋಷ ಆಯೋಗವಾಯಿತು. ಆದರೆ ಆಡಳಿತದ ದೃಷ್ಟಿಯಿಂದ ಇವೆರಡಕ್ಕಿಂತ ಮುಖ್ಯವಾದದ್ದು ನೀತಿಗಳನ್ನು ಜರಡಿ ಹಿಡಿಯಲು ಆಯೋಗ ಬಳಸಿದ ಸರಳ ನಮೂನೆ. ಹೊಸ ನೀತಿಯೊಂದು ಮುಂದೆ ಬಂದಾಗ 22 ಅಂಶಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ ಕೊಡಬೇಕು. ಕೆಡುಕಾದರೆ 1, ತಿಳಿಯದಿದ್ದರೆ 2, ಒಳಿತೂ ಇಲ್ಲ ಕೆಡುಕೂ ಇಲ್ಲವೆಂದರೆ 3, ಒಳಿತಾದರೆ 4. ಒಟ್ಟು 66 ಅಂಕ ಬಾರದಿದ್ದರೆ ನೀತಿಯನ್ನು ತಿದ್ದಿ ತರಬೇಕು. ವಿಶ್ವ ವ್ಯಾಪಾರ ಸಂಘಟನೆಗೆ ಸೇರುವ ಪ್ರಸ್ತಾವ ಈ ಜರಡಿಗೆ ಬಂದಾಗ ಮೊದಲು ಪರವಾಗಿದ್ದ ಅಧಿಕಾರಿಗಳಲ್ಲಿ ಬಹುತೇಕರು, ಅಂಶ ಅಂಶವಾಗಿ ಅಂಕ ಕೊಟ್ಟ ಬಳಿಕ ವಿರುದ್ಧ ನಿಲುವು ತಳೆದರು. ಪ್ರಸ್ತಾವ ಹಿಂದೆ ಸರಿಯಿತು.

ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಗಮನಾರ್ಹವೆಂದರೆ, ಯೋಗಕ್ಷೇಮದ ಅಳತೆಯೊಂದು ಭಾಷಣದಿಂದ ಕೆಳಗಿಳಿದು ಕಡತವೊಂದನ್ನು ತಡೆದು ನಿಲ್ಲಿಸಿದ ಅಪರೂಪದ ಪ್ರಸಂಗ ಅದು. ಅಧಿಕಾರಿಗಳ ಮನಸ್ಸು ಬದಲಾದದ್ದು ಸೂಚ್ಯಂಕದ ದಶಾಂಶಗಳಿಂದಲ್ಲ. ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಗಳಿಗೆ ಮೇಜಿನ ಸುತ್ತ ಕುಳಿತು ಉತ್ತರಿಸಬೇಕಾಗಿ ಬಂದದ್ದರಿಂದ.

ಆದರೂ 2013ರ ಚುನಾವಣೆಯಲ್ಲಿ ಗೆದ್ದ ತ್ಷೆರಿಂಗ್ ತೊಬ್ಗೆ ಅವರು ಸಂತೋಷದ ಘೋಷಣೆ ನಿಜವಾದ ಸಮಸ್ಯೆಗಳಿಂದ ಗಮನ ಬೇರೆಡೆ ಸೆಳೆಯುತ್ತಿದೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ಸಾಲ, ನಿರುದ್ಯೋಗ, ಭ್ರಷ್ಟಾಚಾರ ಮತ್ತು ಅದರ ಹಿಂದಿನ ವರ್ಷ ಉಂಟಾಗಿದ್ದ ಭಾರತೀಯ ರೂಪಾಯಿಯ ಅಭಾವ ಅವರ ಮುಂದಿದ್ದ ಚಿಂತೆ. ಅವರೇ 2024ರ ಜನವರಿಯಲ್ಲಿ ಮತ್ತೆ ಪ್ರಧಾನಿಯಾದಾಗ ಎದುರಿಗಿದ್ದದ್ದು ಯುವಜನರ ವಲಸೆ. ಉಚಿತ ಶಿಕ್ಷಣ, ಉಚಿತ ಚಿಕಿತ್ಸೆ, ದಟ್ಟ ಕಾಡು ಎಲ್ಲವೂ ಇದ್ದು, ಇಂಗ್ಲಿಷ್ ಬಲ್ಲ ಪದವೀಧರನಿಗೆ ಕೆಲಸವಿಲ್ಲದಿದ್ದರೆ ಅವನು ಸರಾಸರಿಯಲ್ಲಿ ಗೆರೆ ದಾಟಿದವನಾಗಿಯೇ ವಿಮಾನ ಹತ್ತುತ್ತಾನೆ. ಸೂಚ್ಯಂಕ ಸುಳ್ಳು ಹೇಳಿರಲಿಲ್ಲ. ಒಂಬತ್ತು ವಲಯಗಳಿಗೆ ಸಮಾನ ತೂಕ ಕೊಟ್ಟಾಗ ಒಂದು ವಲಯದ ಬೆಂಕಿ ಉಳಿದ ಎಂಟರ ತಂಪಿನಲ್ಲಿ ಕಾಣದಾಯಿತು ಅಷ್ಟೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭೂತಾನದ ನೇಪಾಳಿ ಭಾಷಿಕ ಲ್ಹೋತ್ಶಂಪಾ ಜನರು ಪೌರತ್ವ ಕಳೆದುಕೊಂಡು, ಹೊರದೂಡಲ್ಪಟ್ಟು ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. ಅವರ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚಾಗಿತ್ತು. 2008ರಿಂದೀಚೆಗೆ ಅವರಲ್ಲಿ ಬಹುತೇಕರು ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆ ಕಂಡಿದ್ದಾರೆ. 2010ರ ಸಮೀಕ್ಷೆಯಾಗಲಿ, ನಂತರದವುಗಳಾಗಲಿ ಅವರ ಬಾಗಿಲು ತಟ್ಟಲಿಲ್ಲ. ತಟ್ಟಲು ಅವರಿಗೆ ಅಲ್ಲಿ ಬಾಗಿಲೇ ಉಳಿದಿರಲಿಲ್ಲ. ಯಾರನ್ನು ಪ್ರಜೆಯೆಂದು ಎಣಿಸಬೇಕು ಎಂಬ ತೀರ್ಮಾನವನ್ನು ಯಾವ ಸೂಚ್ಯಂಕವೂ ಮಾಡುವುದಿಲ್ಲ. ಅದು ಮೊದಲೇ ಆಗಿರುತ್ತದೆ.

ಬಜೆಟ್ಟಿನೊಳಗೆ ಇಳಿದಾಗ

ಭೂತಾನದ್ದು ನೀತಿಯ ಜರಡಿಯಾದರೆ ನ್ಯೂಜಿಲೆಂಡ್ ಆರಿಸಿಕೊಂಡದ್ದು ಹಣದ ದಾರಿ. ಜಸಿಂಡಾ ಆರ್ಡರ್ನ್ ಸರ್ಕಾರದ ಹಣಕಾಸು ಸಚಿವ ಗ್ರಾಂಟ್ ರಾಬರ್ಟ್‌ಸನ್ ಅವರು 2019ರ ಮೇ 30ರಂದು ಮಂಡಿಸಿದ 'ಯೋಗಕ್ಷೇಮ ಬಜೆಟ್' ಜಗತ್ತಿನ ಪತ್ರಿಕೆಗಳಲ್ಲಿ ಮುಖಪುಟದ ಸುದ್ದಿಯಾಯಿತು. ಮಾನಸಿಕ ಆರೋಗ್ಯ, ಮಕ್ಕಳ ಬಡತನ, ಮಾವೋರಿ ಹಾಗೂ ಪೆಸಿಫಿಕ್ ಸಮುದಾಯಗಳ ಏಳಿಗೆ ಮುಂತಾಗಿ ಐದು ಆದ್ಯತೆಗಳನ್ನು ಮೊದಲೇ ಗೊತ್ತುಮಾಡಿ, ಹೊಸ ಹಣ ಕೇಳುವ ಪ್ರತಿ ಇಲಾಖೆಯೂ ತನ್ನ ಬೇಡಿಕೆ ಈ ಆದ್ಯತೆಗಳನ್ನು ಹೇಗೆ ಮುಟ್ಟುತ್ತದೆ ಎಂದು ತೋರಿಸಬೇಕೆಂದು ಕಟ್ಟುನಿಟ್ಟು ಮಾಡಲಾಯಿತು. ಮಾನಸಿಕ ಆರೋಗ್ಯಕ್ಕೆ 190 ಕೋಟಿ ನ್ಯೂಜಿಲೆಂಡ್ ಡಾಲರ್ ಮೀಸಲಾಯಿತು. ಯೋಗಕ್ಷೇಮದ ಗುರಿಗಳನ್ನು ಬಜೆಟ್ ದಾಖಲೆಯಲ್ಲಿ ಹೇಳಲೇಬೇಕೆಂದು 2020ರಲ್ಲಿ ಕಾನೂನನ್ನೂ ತಿದ್ದಲಾಯಿತು.

ಹಣ ಮೀಸಲಿಟ್ಟಷ್ಟು ಸುಲಭವಾಗಿ ಮನೋವೈದ್ಯರು, ದಾದಿಯರು ಹುಟ್ಟಿಕೊಳ್ಳುವುದಿಲ್ಲ ಎಂಬುದು ಎರಡೇ ವರ್ಷದಲ್ಲಿ ಅರಿವಾಯಿತು. ಖರ್ಚು ನಿಧಾನವಾಯಿತು, ತೀವ್ರ ಕಾಯಿಲೆಯವರಿಗೆ ಆಸ್ಪತ್ರೆಯ ಹಾಸಿಗೆಗಳ ಕೊರತೆ ಹಾಗೇ ಉಳಿಯಿತು, ವಿರೋಧ ಪಕ್ಷ ಅದನ್ನೇ ಅಸ್ತ್ರ ಮಾಡಿಕೊಂಡಿತು. 2023ರ ನವೆಂಬರಿನಲ್ಲಿ ನ್ಯಾಷನಲ್ ಪಕ್ಷದ ನೇತೃತ್ವದ ಸರ್ಕಾರ ಬಂತು. 2024ರ ಬಜೆಟ್ಟಿನ ಹೆಸರಿನಿಂದ 'ಯೋಗಕ್ಷೇಮ' ಮಾಯವಾಯಿತು.

ಹಾಗಾದರೆ ಎಲ್ಲವೂ ವ್ಯರ್ಥವಾಯಿತೇ? ಇಲ್ಲ ಎನ್ನಲು ಒಂದು ಕಾರಣವಿದೆ, ಮತ್ತು ಅದು ಹೆಚ್ಚು ಪ್ರಚಾರ ಪಡೆಯದ ಒಂದು ಕಾನೂನಿನಲ್ಲಿದೆ. 2018ರ ಮಕ್ಕಳ ಬಡತನ ನಿವಾರಣಾ ಕಾಯ್ದೆಯ ಪ್ರಕಾರ, ಅಧಿಕಾರದಲ್ಲಿ ಯಾರೇ ಇರಲಿ, ಗುರಿ ಗೊತ್ತುಮಾಡಲೇಬೇಕು. ಅಂಕಿಅಂಶ ಸಂಸ್ಥೆ ಪ್ರತಿವರ್ಷ ಫಲಿತಾಂಶ ಪ್ರಕಟಿಸಲೇಬೇಕು. ಮೂಲಭೂತ ಅಗತ್ಯಗಳಿಗೂ ತತ್ವಾರವಿರುವ ಮನೆಗಳ ಮಕ್ಕಳ ಪ್ರಮಾಣ 2018ರಲ್ಲಿ ಸುಮಾರು ಶೇ 13 ಇದ್ದದ್ದು ಮೊದಲು ಇಳಿದು, ಬೆಲೆಯೇರಿಕೆಯ ಬಳಿಕ 2024ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಶೇ 13.4ಕ್ಕೆ ಬಂದು ನಿಂತಿತು. ಹೊರಟಲ್ಲಿಗೇ ಬಂದಂತಾಯಿತು. ಇದು ಸೋಲು ಹೌದು. ಆದರೆ ಸೋಲನ್ನು ಸರ್ಕಾರದ ಸಂಸ್ಥೆಯೇ ಇಸವಿ ಸಮೇತ ಪ್ರಕಟಿಸಿತು, ಹಿಂದಿನವರೂ ಇಂದಿನವರೂ ಉತ್ತರ ಹೇಳಬೇಕಾಯಿತು. ಮುಖಪುಟದ ಬಜೆಟ್ಟಿಗಿಂತ ಈ ಒಣ ಕಾಯ್ದೆಯೇ ಹೆಚ್ಚು ಬಾಳಿಕೆ ಬಂತು ಎಂದರೆ ತಪ್ಪಾಗಲಾರದು.

ಬ್ರಿಟನ್ ಇನ್ನೂ ಮುಂದೆ ಹೋಗಿ ನೆಮ್ಮದಿಗೆ ಬೆಲೆ ಕಟ್ಟಿದೆ. ಡೇವಿಡ್ ಕ್ಯಾಮರನ್ 2010ರಲ್ಲಿ ಚಾಲನೆ ಕೊಟ್ಟ ಕಾರ್ಯಕ್ರಮದಡಿ 2011ರಿಂದ ಅಲ್ಲಿನ ಅಂಕಿಅಂಶ ಕಚೇರಿ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾ ಬಂದಿದೆ: ಬದುಕು ತೃಪ್ತಿ ತಂದಿದೆಯೇ, ಮಾಡುವ ಕೆಲಸ ಸಾರ್ಥಕವೆನಿಸುತ್ತಿದೆಯೇ, ನಿನ್ನೆ ಸಂತೋಷವಾಗಿದ್ದಿರಾ, ನಿನ್ನೆ ಆತಂಕದಲ್ಲಿದ್ದಿರಾ. ಉತ್ತರ ಸೊನ್ನೆಯಿಂದ ಹತ್ತರೊಳಗೆ. 2021ರಲ್ಲಿ ಅಲ್ಲಿನ ಖಜಾನೆ ಇಲಾಖೆ ಯೋಜನೆಗಳ ಲಾಭನಷ್ಟ ತೂಗುವ ತನ್ನ ಕೈಪಿಡಿಗೆ ಪೂರಕ ಮಾರ್ಗಸೂಚಿ ಸೇರಿಸಿತು. ಒಬ್ಬ ವ್ಯಕ್ತಿಯ ತೃಪ್ತಿ ಒಂದು ವರ್ಷದ ಮಟ್ಟಿಗೆ ಒಂದು ಅಂಕ ಹೆಚ್ಚಿದರೆ ಅದರ ಮೌಲ್ಯ 2019ರ ಬೆಲೆಯಲ್ಲಿ 13,000 ಪೌಂಡ್.

ಉದಾಹರಣೆಗೆ, ಹಳ್ಳಿಗಾಡಿನ ಬಸ್ಸೊಂದನ್ನು ಉಳಿಸುವುದರಿಂದ ಸಾವಿರ ಮಂದಿಯ ತೃಪ್ತಿ ತಲಾ ಅರ್ಧ ಅಂಕ ಹೆಚ್ಚುತ್ತದೆ ಎಂದುಕೊಳ್ಳೋಣ. ಟಿಕೆಟ್ ಆದಾಯದ ಲೆಕ್ಕದಲ್ಲಿ ನಷ್ಟದ ಬಾಬತ್ತಾಗಿರುವ ಆ ಬಸ್ಸು ಈ ಲೆಕ್ಕದಲ್ಲಿ ವರ್ಷಕ್ಕೆ 65 ಲಕ್ಷ ಪೌಂಡ್ ಬೆಲೆಬಾಳುತ್ತದೆ. ಒಂಟಿ ವೃದ್ಧೆ ಆಸ್ಪತ್ರೆಗೆ ಹೋಗಿಬರುವುದು, ಮಗಳನ್ನು ನೋಡಿಬರುವುದು ಮೊದಲ ಬಾರಿಗೆ ಜಮೆಯ ಕಡೆ ಕಾಣಿಸಿಕೊಳ್ಳುತ್ತದೆ. ಬಡವನ ಒಂದು ಅಂಕಕ್ಕೂ ಸಿರಿವಂತನ ಒಂದು ಅಂಕಕ್ಕೂ ಒಂದೇ ಬೆಲೆ ಎಂಬುದೂ ಈ ಪದ್ಧತಿಯ ಹೆಚ್ಚುಗಾರಿಕೆ. ಹಣ ತೆರುವ ಶಕ್ತಿಯ ಮೇಲೆ ಅಳೆದರೆ ಹಾಗಾಗುವುದಿಲ್ಲ.

ಇಲ್ಲಿ ಅಮರ್ತ್ಯ ಸೇನ್ ಅವರ ಹಳೆಯ ಎಚ್ಚರಿಕೆಯನ್ನು ಮರೆಯುವಂತಿಲ್ಲ. ತಲೆಮಾರುಗಳಿಂದ ಇಲ್ಲಗಳ ನಡುವೆ ಬದುಕಿದವರು ಇದ್ದುದರಲ್ಲೇ ತೃಪ್ತಿ ಕಾಣಲು ಕಲಿತಿರುತ್ತಾರೆ. ದೂರು ಹೇಳದ ಕೂಲಿಯವಳಿಗೆ ಏಣಿಯಲ್ಲಿ ಏಳನೇ ಮೆಟ್ಟಿಲೆಂದು ಅಂಕ ಕೊಟ್ಟು, ಆಕೆಗೆ ಏನೂ ಬೇಕಿಲ್ಲವೆಂದು ಖಜಾನೆ ತೀರ್ಮಾನಿಸಿದರೆ ಅದು ಅನ್ಯಾಯ. ನಮ್ಮಂಥ ದೇಶದಲ್ಲಿ ಮನಸ್ಸಿನ ಅಂಕವೊಂದನ್ನೇ ನೆಚ್ಚಿ ಹಣ ಹಂಚುವುದು ಅಪಾಯಕಾರಿ ಎಂದೇ ಈ ವರದಿಗಾರನ ಅಭಿಪ್ರಾಯ. ಫ್ರಾನ್ಸ್ ಅಧ್ಯಕ್ಷರಾಗಿದ್ದ ನಿಕೋಲಾ ಸಾರ್ಕೋಜಿ ನೇಮಿಸಿದ್ದ, ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಸೇನ್ ಅವರೂ ಇದ್ದ ಆಯೋಗ 2009ರಲ್ಲಿ ಕೊಟ್ಟ ವರದಿ ಕೂಡ ವಸ್ತುಸ್ಥಿತಿ ಮತ್ತು ಮನಃಸ್ಥಿತಿ ಎರಡನ್ನೂ ಅಳೆಯಬೇಕೆಂದೇ ಹೇಳಿತ್ತು.

ಬ್ರಿಟನ್ನಿನ ಭಾಗವೇ ಆದ ವೇಲ್ಸ್ 2015ರಲ್ಲಿ ಭಾವಿ ಪೀಳಿಗೆಗಳ ಯೋಗಕ್ಷೇಮ ಕಾಯ್ದೆ ತಂದು, ಅದರ ಪಾಲನೆ ನೋಡಿಕೊಳ್ಳಲು ಸ್ವತಂತ್ರ ಆಯುಕ್ತರನ್ನು ನೇಮಿಸಿತು. ನ್ಯೂಪೋರ್ಟ್ ಸಮೀಪ ಎಂ4 ಹೆದ್ದಾರಿಗೆ ಬಳಸುದಾರಿ ನಿರ್ಮಿಸುವ ನೂರು ಕೋಟಿ ಪೌಂಡ್ ಮೀರಿದ ಯೋಜನೆಗೆ ಆಯುಕ್ತರು ಈ ಕಾಯ್ದೆಯ ಬಲದಿಂದ ಆಕ್ಷೇಪ ಎತ್ತಿದರು. ವಿಚಾರಣೆ ನಡೆಸಿದ ಅಧಿಕಾರಿ ಯೋಜನೆಯ ಪರವಾಗಿಯೇ ಶಿಫಾರಸು ಮಾಡಿದ್ದರೂ 2019ರ ಜೂನ್‌ನಲ್ಲಿ ಮುಖ್ಯಮಂತ್ರಿ ಮಾರ್ಕ್ ಡ್ರೇಕ್‌ಫರ್ಡ್ ಅದನ್ನು ಕೈಬಿಟ್ಟರು. ಖರ್ಚು ಹಾಗೂ ಜೌಗುನೆಲದ ಪರಿಸರಕ್ಕೆ ಆಗುವ ಹಾನಿ ಅವರು ಕೊಟ್ಟ ಕಾರಣಗಳು. ಕಾಯ್ದೆಯೊಂದೇ ರಸ್ತೆಯನ್ನು ನಿಲ್ಲಿಸಿತು ಎನ್ನಲಾಗದು. ಆದರೆ ನಿಲ್ಲಿಸಬಹುದೆಂಬ ಮಾತಿಗೆ ಅದು ಕಾನೂನಿನ ನೆಲೆ ಒದಗಿಸಿತು.

ನಮ್ಮಲ್ಲಿ ಏನಾಗಿದೆ?

ಮಧ್ಯಪ್ರದೇಶ 2016ರಲ್ಲಿ ದೇಶದಲ್ಲೇ ಮೊದಲ ಬಾರಿಗೆ 'ಆನಂದ ಇಲಾಖೆ' ತೆರೆಯಿತು. 2018ರ ಕೊನೆಯಲ್ಲಿ ಬಂದ ಹೊಸ ಸರ್ಕಾರ ಅದನ್ನು ಅಧ್ಯಾತ್ಮ ಇಲಾಖೆಯೊಳಗೆ ಸೇರಿಸಿತು. ಆನಂದಕ್ಕೊಂದು ಇಲಾಖೆ ತೆರೆದ ಮಾತ್ರಕ್ಕೆ ನೀರಾವರಿಯ ಕಡತವಾಗಲಿ, ಆರೋಗ್ಯ ಇಲಾಖೆಯ ಕಡತವಾಗಲಿ ಅದರ ಮುಂದೆ ಹಾದುಹೋಗುವುದಿಲ್ಲ. ಭೂತಾನದ ಜರಡಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಕರ್ನಾಟಕದಲ್ಲಿ 'ಸಂತೋಷ'ದ ಹೆಸರೆತ್ತದೆಯೇ ಇಂಥದ್ದೊಂದು ಕೆಲಸ ಎರಡು ದಶಕಗಳ ಹಿಂದೆಯೇ ನಡೆದಿದೆ. ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಪ್ರಾದೇಶಿಕ ಅಸಮಾನತೆ ನಿವಾರಣಾ ಸಮಿತಿ 2002ರ ಜೂನ್‌ನಲ್ಲಿ ಸಲ್ಲಿಸಿದ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಕೃಷಿ, ಕೈಗಾರಿಕೆಗಳ ಜೊತೆಗೆ ಶಾಲೆ, ಆಸ್ಪತ್ರೆ, ರಸ್ತೆ, ಬ್ಯಾಂಕುಗಳೂ ಲೆಕ್ಕಕ್ಕೆ ಬಂದವು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ಅಷ್ಟಕ್ಕೇ ನಿಲ್ಲದೆ ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕೆಂದೂ ಲೆಕ್ಕ ಹಾಕಿಕೊಟ್ಟಿತು. ದೇಶದ ಬೇರಾವ ಸೂಚ್ಯಂಕವೂ ನಮ್ಮ ವಿಧಾನಸಭೆಯಲ್ಲಿ ಇಷ್ಟು ಬಾರಿ ಉಲ್ಲೇಖಗೊಂಡಿರಲಾರದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ 371ಜೆ ವಿಧಿಯ ಹೋರಾಟಕ್ಕೂ ಅದರ ಅಂಕಿಗಳೇ ಆಧಾರವಾದವು.

ಆದರೆ ವಿಶೇಷ ಯೋಜನೆ ಆರಂಭವಾದದ್ದು 2007-08ರಲ್ಲಿ, ವರದಿ ಬಂದ ಐದು ವರ್ಷಗಳ ಬಳಿಕ. ನಂತರವೂ ಬಜೆಟ್ಟಿನಲ್ಲಿ ತೋರಿಸಿದ್ದು, ಬಿಡುಗಡೆಯಾದದ್ದು ಮತ್ತು ಖರ್ಚಾದದ್ದು ಮೂರೂ ಬೇರೆ ಬೇರೆ ಎಂಬ ದೂರು ನಿಲ್ಲಲಿಲ್ಲ. ಇಲಾಖೆಗಳು ಹೇಗೂ ಮಾಡಬೇಕಿದ್ದ ಕಾಮಗಾರಿಗಳನ್ನೇ ವಿಶೇಷ ಯೋಜನೆಯ ಲೆಕ್ಕಕ್ಕೆ ಹಚ್ಚುವ ಚಾಳಿಯ ಬಗ್ಗೆಯೂ ಆಕ್ಷೇಪಗಳು ಕೇಳಿಬಂದವು. ಇನ್ನೂ ದೊಡ್ಡ ಕೊರತೆಯೆಂದರೆ, ಅದೇ 35 ಸೂಚಕಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಅಳೆದು, ಯಾವ ತಾಲ್ಲೂಕು ಎಷ್ಟು ಮೇಲೆ ಬಂತು ಎಂದು ಪ್ರಕಟಿಸುವ ಕಟ್ಟುಪಾಡು ಇರಲಿಲ್ಲ. 2002ರ ಪಟ್ಟಿಯನ್ನೇ ಹಿಡಿದು ವರ್ಷಗಟ್ಟಲೆ ಹಣ ಹಂಚಲಾಯಿತು. ಎರಡು ದಶಕಗಳ ಬಳಿಕ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಮತ್ತೊಂದು ಸಮಿತಿ ರಚಿಸಬೇಕಾಗಿ ಬಂದದ್ದು ಈ ಹಿನ್ನೆಲೆಯಲ್ಲಿ.

ಗ್ಯಾರಂಟಿ ಯೋಜನೆಗಳ ಚರ್ಚೆಯನ್ನು ನೋಡಿದರೆ ಈ ಅಳತೆಯ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂದಂದಿನಿಂದ ಪರ ಇರುವವರು ಶೂನ್ಯ ಟಿಕೆಟ್‌ಗಳ ಸಂಖ್ಯೆ ಹೇಳುತ್ತಾರೆ, ವಿರೋಧಿಸುವವರು ಖಜಾನೆಗೆ ಬಿದ್ದ ಹೊರೆ ಹೇಳುತ್ತಾರೆ. ಬಸ್ ಹತ್ತಿದ ಮಹಿಳೆಗೆ ದೂರದ ಊರಿನ ಹೆಚ್ಚು ಕೂಲಿಯ ಕೆಲಸ ಸಿಕ್ಕಿತೇ, ಆಕೆ ಮುಂದೂಡುತ್ತಿದ್ದ ಚಿಕಿತ್ಸೆ ಪಡೆದಳೇ, ದಿನದಲ್ಲಿ ಒಂದು ಗಂಟೆ ಉಳಿಯಿತೇ ಎಂಬುದನ್ನು ಯೋಜನೆಗೆ ಮೊದಲೂ ನಂತರವೂ ಒಂದೇ ಪ್ರಶ್ನಾವಳಿಯಲ್ಲಿ ಕೇಳಿದ್ದರೆ, 'ಬಿಟ್ಟಿ' ಎಂಬ ಪದ ಹಿಡಿದು ನಡೆಯುವ ಜಗಳಕ್ಕೆ ಒಂದು ನೆಲೆಯಾದರೂ ಸಿಗುತ್ತಿತ್ತು. ಬ್ರಿಟನ್ನಿನ ಬಸ್ಸಿನ ಲೆಕ್ಕ ನಮಗೆ ಪರಕೀಯವೇನಲ್ಲ.

ಅಂಥ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಪೂರ್ತಿ ಇಲ್ಲವೆಂದೇನೂ ಅಲ್ಲ. ಭೂತಾನದ ಒಂಬತ್ತು ವಲಯಗಳಲ್ಲಿ ಒಂದಾದ ಸಮಯದ ಬಳಕೆಯನ್ನು ಕೇಂದ್ರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ದೇಶದಾದ್ಯಂತ ಅಳೆದಿದೆ. ಅಡುಗೆ, ಕಸಮುಸುರೆ, ನೀರು ತರುವುದು ಮುಂತಾದ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಕೊಡುತ್ತಿದ್ದ ಸರಾಸರಿ ಸಮಯ 299 ನಿಮಿಷದಿಂದ 289 ನಿಮಿಷಕ್ಕೆ ಇಳಿದಿದೆ. ಅವರಿಂದ ತಪ್ಪಿದ ಹತ್ತು ನಿಮಿಷ ಪುರುಷರ ಪಾಲಿಗೇನೂ ಸೇರಿಲ್ಲ. ಮನೆಗೆಲಸ ಮಾಡುವ ಪುರುಷರ ಸಮಯವೂ 97ರಿಂದ 88 ನಿಮಿಷಕ್ಕೆ ಇಳಿದಿದೆ. ಈ ಹತ್ತು ನಿಮಿಷವನ್ನು ಉಳಿಸಿಕೊಟ್ಟದ್ದು ನಲ್ಲಿ ನೀರೋ, ಅಡುಗೆ ಅನಿಲವೋ, ಕುಟುಂಬ ಚಿಕ್ಕದಾದದ್ದೋ? ಮುಂದಿನ ಐದು ವರ್ಷಗಳಲ್ಲಿ ಇನ್ನು ಮೂವತ್ತು ನಿಮಿಷ ಇಳಿಸುತ್ತೇವೆ ಎಂದು ಗುರಿ ಹಾಕಿಕೊಂಡು ಹಣ ಕೇಳುವ ಹೊಣೆ ನೀರು ಪೂರೈಕೆ ಇಲಾಖೆಯದೋ, ಇಂಧನದ್ದೋ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯದ್ದೋ ಎಂಬ ಪ್ರಶ್ನೆ ಬಜೆಟ್ ಪೂರ್ವ ಸಭೆಗಳ ಕಾರ್ಯಸೂಚಿಗೆ ಇನ್ನೂ ಬರಬೇಕಿದೆ.